ಮೊಳ ಹಾಕುವ ಕೈ: ಅನಿಮೇಷನ್‌ಗೆ ಪಾತ್ರವನ್ನು ಬಿಡಿಬಿಡಿಯಾಗಿ ಬರೆದಿಡುವುದು

ಬೆಂಗಳೂರಿನ ವಿಜಯನಗರದ ಮಗ್ಗುಲಿನ ಮಾರೇನಹಳ್ಳಿಯಲ್ಲಿ ಸಂಜೆ ಬುಟ್ಟಿ ಮುಂದಿಟ್ಟುಕೊಂಡು ಕೂರುವ ಒಬ್ಬ ಹೂವಮ್ಮನನ್ನು ನಮ್ಮ ಪಾತ್ರ ಮಾಡಿಕೊಳ್ಳೋಣ. ಆಕೆಗೆ ಎರಡೇ ಕೆಲಸ: ಮಲ್ಲಿಗೆಯನ್ನು ಮೊಳ ಹಾಕಬೇಕು, ಗಿರಾಕಿ ಜೊತೆ ಚೌಕಾಸಿ ಮಾಡಬೇಕು. ನಮಗೆ ಬೇಕಾದ್ದು ಒಂದು ಕಂಪ್ಯೂಟರ್ ಮತ್ತು ಉಚಿತವಾಗಿ ಸಿಗುವ, ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರೀಟಾ. ಪೆನ್ ಟ್ಯಾಬ್ಲೆಟ್ ಇದ್ದರೆ ಕೈಗೆ ಸುಖ.

ಹಂತ 1: ಅಲ್ಲಾಡುವುದು ಯಾವುದು?
ಹೊಸಬರು ಪಾತ್ರವನ್ನು ಬೆರಳು ಬೆರಳಾಗಿ ಕತ್ತರಿಸಲು ಹೊರಡುತ್ತಾರೆ. ಬೇಡ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ ತೊಗಲುಗೊಂಬೆಗಳನ್ನು ನೋಡಿ ಬನ್ನಿ. ನಮ್ಮ ತೊಗಲುಗೊಂಬೆಯಾಟದಲ್ಲಿ ಇಡೀ ದೃಶ್ಯವೇ ಒಂದು ತೊಗಲಿನಲ್ಲಿರುವ ಗೊಂಬೆಗಳುಂಟು. ಕೈ ಬೀಸಬೇಕಾದ ಪಾತ್ರಕ್ಕೆ ಮಾತ್ರ ಕೈಯನ್ನು ಬೇರೆ ಕತ್ತರಿಸಿ ದಾರದಿಂದ ಕಟ್ಟಿರುತ್ತಾರೆ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ರಾಜಕುಮಾರ ಅಹ್ಮದನ ನೆರಳುಚಿತ್ರ ತೆಗೆದದ್ದೂ ಹೀಗೆ ಕತ್ತರಿಸಿ ಕೀಲು ಕೂರಿಸಿದ ಆಕೃತಿಗಳಿಂದಲೇ.

ಹೂವಮ್ಮ ಕೂತಿದ್ದಾಳೆ. ಹಾಗಾಗಿ ಸೊಂಟದ ಕೆಳಗೆ ಸೀರೆ ಸಮೇತ ಒಂದೇ ತುಂಡು ಸಾಕು. ಮೊಳ ಹಾಕುವಾಗ ದುಡಿಯುವುದು ಕೈಗಳು. ಎರಡೂ ಕೈಗೆ ತೋಳು, ಮುಂಗೈ, ಹಸ್ತ ಎಂದು ಮೂರು ಮೂರು ತುಂಡು. ತಲೆ, ಕುತ್ತಿಗೆ, ಮೈ ಬೇರೆ ಬೇರೆ.

ಹಂತ 2: ಕೈ ಬಿಡಿಸಿ ಬರೆಯಿರಿ
ಕೈಗಳು ಮೈಗೆ ಅಂಟದ ಹಾಗೆ, ಎರಡೂ ಪಕ್ಕಕ್ಕೆ ಸ್ವಲ್ಪ ಚಾಚಿದ ಭಂಗಿ ಇರಲಿ. ವಿಡಿಯೊ 1920×1080 ಆಗಿದ್ದರೆ ಚಿತ್ರ 3840×2160 ಇರಲಿ. ಮುಖದ ಹತ್ತಿರಕ್ಕೆ ಹೋದಾಗ ಮಸುಕಾಗುವುದಿಲ್ಲ. ಪ್ರತಿ ತುಂಡನ್ನೂ ಅದರದೇ ಲೇಯರ್‌ನಲ್ಲಿ (ಪದರದಲ್ಲಿ) ಬರೆಯಿರಿ. ಹೂವಿನ ಮಾಲೆಯನ್ನೂ ನೆಟ್ಟಗೆ, ಬೇರೆ ಲೇಯರ್‌ನಲ್ಲಿ ಬರೆಯಿರಿ. ಬಾಗಿಸುವ ಕೆಲಸ ಆಮೇಲೆ ಸಾಫ್ಟ್‌ವೇರ್ ಮಾಡಲಿ.

ಹಂತ 3: ಮೊಣಕೈ
ಪಾತ್ರ ಕೆಡುವುದು ಹೆಚ್ಚಾಗಿ ಇಲ್ಲೇ, ಅವಸರ ಬೇಡ. ತೋಳಿನ ಕೆಳತುದಿ, ಮುಂಗೈಯ ಮೇಲ್ತುದಿ, ಎರಡನ್ನೂ ಪೂರ್ತಿ ದುಂಡಗೆ ಮುಗಿಸಿ. ಎರಡು ದುಂಡಿನ ಅಗಲವೂ ಒಂದೇ, ನಡುಬಿಂದುವೂ ಒಂದೇ ಇರಬೇಕು. ಆ ಬಿಂದುವೇ ಕೀಲು. ನೇರವಾಗಿ ಕತ್ತರಿಸಿದರೆ ಕೈ ಮಡಚಿದ ಕೂಡಲೇ ಹೊರಬದಿಯಲ್ಲಿ ಬಿರುಕು ಬಾಯಿಬಿಡುತ್ತದೆ. ಇನ್ನೊಂದು: ಮೇಲಿರುವ ತುಂಡಿಗೆ ಸುತ್ತ ಕಪ್ಪು ಗೆರೆ ಇದ್ದರೆ, ಕೀಲಿನ ಒಳಗೆ ಬರುವಷ್ಟು ಗೆರೆಯನ್ನು ಅಳಿಸಿ. ಇಲ್ಲದಿದ್ದರೆ ಮೊಣಕೈ ಮೇಲೆ ಬಳೆ ತೊಟ್ಟಂತೆ ಕಾಣುತ್ತದೆ. ನಿಜವಾದ ಬಳೆಗಳು ಮುಂಗೈಯ ಲೇಯರ್‌ನಲ್ಲೇ ಇರಲಿ.

ಹಂತ 4: ಕಾಣದ್ದನ್ನೂ ಬರೆಯಿರಿ
ಕೈಯ ಹಿಂದಿನ ಸೀರೆ, ಗಲ್ಲದ ಕೆಳಗಿನ ಕುತ್ತಿಗೆ, ಮುಂಗೂದಲಿನಡಿಯ ಹಣೆ, ಎಲ್ಲಕ್ಕೂ ಬಣ್ಣ ತುಂಬಿ. ಕೈ ಸರಿದಾಗ ಸೆರಗಿನಲ್ಲಿ ತೂತು ಕಾಣಬಾರದಲ್ಲ!

ಹಂತ 5: ಕಣ್ಣು, ಬಾಯಿ
ಕಣ್ಣಿಗೆ ಬಿಳಿ, ಪಾಪೆ, ರೆಪ್ಪೆ ಮೂರು ಲೇಯರ್. ಬಾಯಿಗೆ ಆರು ಆಕಾರ ಬರೆದಿಟ್ಟರೆ ಶುರುವಿಗೆ ಸಾಕು: ‘ಪ’, ‘ಬ’, ‘ಮ’ ಅಕ್ಷರಗಳಿಗೆ ಮುಚ್ಚಿದ ತುಟಿ; ‘ಆ’ ಅಕ್ಷರಕ್ಕೆ ತೆರೆದ ಬಾಯಿ; ‘ಇ’, ‘ಎ’ ಅಕ್ಷರಗಳಿಗೆ ಅಗಲ; ‘ಉ’, ‘ಒ’ ಅಕ್ಷರಗಳಿಗೆ ದುಂಡು; ‘ವ’ ಅಕ್ಷರಕ್ಕೆ ಹಲ್ಲಿಗೆ ತಾಗಿದ ಕೆಳತುಟಿ; ‘ಲ’, ‘ಳ’ ಅಕ್ಷರಗಳಿಗೆ ನಾಲಿಗೆ. ಕನ್ನಡಿ ಮುಂದೆ ನಿಂತು ‘ಒಂದು ಮೊಳ ಮಲ್ಲಿಗೆ’ ಅನ್ನಿ, ಯಾವುದರ ನಂತರ ಯಾವುದು ಅಂತ ತಿಳಿಯುತ್ತದೆ. ತುಟಿ ಮುಚ್ಚುವ ಅಕ್ಷರಗಳನ್ನು ಮಾತ್ರ ತಪ್ಪಿಸಬೇಡಿ, ನೋಡುವವರ ಕಣ್ಣಿಗೆ ಮೊದಲು ಬೀಳುವುದು ಅವೇ.

ಹಂತ 6: ಹೆಸರು, ಪರೀಕ್ಷೆ, ಫೈಲು
‘ಲೇಯರ್ 43’ ಅಂತ ಬಿಟ್ಟರೆ ನಾಳೆ ನಿಮಗೇ ಗುರುತು ಸಿಗುವುದಿಲ್ಲ. ‘ಬಲ_ಮುಂಗೈ’ ಎಂದು ಬರೆಯಿರಿ. ಕನ್ನಡ ಲಿಪಿ ಓದದ ಸಾಫ್ಟ್‌ವೇರ್ ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಬಲ, ಎಡ ಅನ್ನುವುದು ಹೂವಮ್ಮನದೋ ನೋಡುವವರದೋ ಎಂದು ಮೊದಲೇ ತೀರ್ಮಾನಿಸಿ.

ಈಗ ಚಿತ್ರದ ಒಂದು ನಕಲಿನಲ್ಲಿ ಪ್ರತಿ ತುಂಡನ್ನೂ ಕೀಲಿನ ಸುತ್ತ ಎರಡೂ ಕಡೆ 45 ಡಿಗ್ರಿಯಷ್ಟು ತಿರುಗಿಸಿ ನೋಡಿ. ಬಿರುಕು ಕಂಡಲ್ಲಿ ಮೂಲ ಫೈಲಿನಲ್ಲಿ ತಿದ್ದಿ. ಹಿನ್ನೆಲೆ ಲೇಯರನ್ನು ಅಡಗಿಸಿ, ಲೇಯರ್‌ಗಳನ್ನು ಒಂದಾಗಿಸದೆ ಪಿಎಸ್‌ಡಿಯಾಗಿ ಉಳಿಸಿ. ನಿಮ್ಮ ಅನಿಮೇಷನ್ ಸಾಫ್ಟ್‌ವೇರ್ ಅದನ್ನು ತೆರೆಯದಿದ್ದರೆ ಪ್ರತಿ ತುಂಡನ್ನೂ ಪಿಎನ್‌ಜಿ ಮಾಡಿ, ಅಂಚಿನ ಖಾಲಿ ಜಾಗ ಕತ್ತರಿಸದೆ ಪೂರ್ತಿ ಅಳತೆಯಲ್ಲೇ. ಆಗ ಒಂದರ ಮೇಲೊಂದು ಇಟ್ಟರೆ ಕೈ, ತಲೆ, ಬುಟ್ಟಿ ತಾವಾಗಿಯೇ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.