ತಗಡಿನ ಛಾವಣಿಗೆ ಆಧಾರ ಕೊಂಡಿ ಕೂರಿಸುವ ಕ್ರಮ

ಮುಂಗಾರು ಸಮೀಪಿಸುತ್ತಿದ್ದಂತೆ ಮಲೆನಾಡು ಮತ್ತು ಕರಾವಳಿಯ ರೈತರು ಕೊಟ್ಟಿಗೆ, ಅಡಿಕೆ ಬೇಯಿಸುವ ಮನೆ, ಗೊಬ್ಬರದ ಕೊಠಡಿಗಳ ತಗಡುಗಳನ್ನು ಸರಿಪಡಿಸಲು ತೊಡಗುತ್ತಾರೆ. ಸಡಿಲವಾದ ಸ್ಕ್ರೂ ಬಿಗಿ ಮಾಡುವುದು, ಸೋರುವ ಕಡೆ ಟಾರು ಹಚ್ಚುವುದು, ಸೂರಿನ ದೋಣಿಯಲ್ಲಿ ತುಂಬಿದ ತರಗೆಲೆ ತೆಗೆಯುವುದು ಇತ್ಯಾದಿ ಕೆಲಸಗಳು ಅರ್ಧ ಗಂಟೆಯವು. ಅಷ್ಟು ಹೊತ್ತಿಗೆ ಹಗ್ಗವೇಕೆ, ಎತ್ತರವಾದರೂ ಹತ್ತು ಅಡಿ ತಾನೇ ಎಂಬುದು ಸಾಮಾನ್ಯ ಭಾವನೆ. ಆದರೆ ಹತ್ತು ಅಡಿಯಿಂದ ಗಟ್ಟಿ ಅಂಗಳಕ್ಕೆ ಬೆನ್ನಡಿಯಾಗಿ ಬಿದ್ದವನ ಬೆನ್ನುಮೂಳೆ ಮುರಿಯಬಹುದು. ಬಿದ್ದವನು ಮನೆಯ ಯಜಮಾನನೇ ಇರಲಿ, ಕೂಲಿಗೆ ಬಂದವನೇ ಇರಲಿ, ಆ ವರ್ಷದ ಬೇಸಾಯ ಅಲ್ಲಿಗೇ ನಿಂತಂತೆ.

ಕೆಲವರು ಸೊಂಟಕ್ಕೆ ಹಗ್ಗ ಸುತ್ತಿ, ಇನ್ನೊಂದು ತುದಿಯನ್ನು ತಗಡಿನಿಂದ ಹೊರಚಾಚಿದ ಕೊಕ್ಕೆ ಬೋಲ್ಟಿಗೆ ಕಟ್ಟುವುದುಂಟು. ಇದು ಎರಡೂ ತುದಿಗಳಲ್ಲಿ ತಪ್ಪು. ಸೊಂಟದ ಹಗ್ಗ ಬೀಳುವಾಗ ಹೊಟ್ಟೆಯ ಭಾಗಕ್ಕೇ ಪೆಟ್ಟು ಕೊಡುತ್ತದೆ. ತೊಡೆ, ಹೆಗಲುಗಳನ್ನು ಸುತ್ತಿ ಬರುವ, ಐ.ಎಸ್. 3521 ಗುರುತಿನ ಇಡೀ ಮೈಯ ಸುರಕ್ಷಾ ಪಟ್ಟಿಯನ್ನೇ ಧರಿಸಬೇಕು. ಇನ್ನು ಕೊಕ್ಕೆ ಬೋಲ್ಟು ತಗಡನ್ನು ಹಿಡಿದಿಡಲು ಇರುವುದೇ ಹೊರತು ಮನುಷ್ಯನನ್ನಲ್ಲ.

ಕೊಂಡಿಗೆ ಎಷ್ಟು ಬಲ ಬೇಕು?

ಆರು ಅಡಿ ಬಿದ್ದ ಆಳನ್ನು ಹಿಗ್ಗದ ಹಗ್ಗ ಒಮ್ಮೆಲೇ ತಡೆದರೆ ಅದರ ಜಗ್ಗು ಅವನ ತೂಕದ ಹತ್ತಾರು ಪಟ್ಟು ಆಗಬಹುದು. ಆಘಾತ ತಗ್ಗಿಸುವ ಹೊಲಿಗೆ ಪಟ್ಟಿ ಇರುವ ಹಗ್ಗದಲ್ಲಿ ಈ ಜಗ್ಗನ್ನು ಸುಮಾರು 600 ಕೆ.ಜಿ. ಭಾರಕ್ಕೆ ಮಿತಿಗೊಳಿಸಲಾಗಿದೆ. ಯೂರೋಪಿನ ಮಾನಕದಂತೆ ಒಬ್ಬನಿಗೆ ಮೀಸಲಾದ ಲೋಹದ ಕೊಂಡಿ ಸುಮಾರು 1,200 ಕೆ.ಜಿ. ಭಾರದ ಎಳೆತವನ್ನು 3 ನಿಮಿಷ ತಾಳಬೇಕು; ಅಮೆರಿಕದ ನಿಯಮ ಕೇಳುವುದು 5,000 ಪೌಂಡು, ಅಂದರೆ ಸುಮಾರು 2,270 ಕೆ.ಜಿ. ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪದ ತಗಡು ಇಂಥ ಎಳೆತಕ್ಕೆ ಕಾಗದದಂತೆ ಹರಿಯುತ್ತದೆ. ಆದುದರಿಂದ ಕೊಂಡಿಯ ಹಿಡಿತವಿರಬೇಕಾದುದು ತಗಡಿನಲ್ಲಲ್ಲ, ಅದರ ಕೆಳಗಿನ ಚೌಕಟ್ಟಿನಲ್ಲಿ.

ಕೂರಿಸುವ ವಿಧಾನ

ಛಾವಣಿಯ ಮೇಲೆ ಸಾಲಾಗಿ ಕಾಣುವ ಸ್ಕ್ರೂಗಳ ಕೆಳಗೇ ಪರ್ಲಿನ್, ಅಂದರೆ ತಗಡನ್ನು ಹೊತ್ತ ಅಡ್ಡ ಕಬ್ಬಿಣ ಇರುತ್ತದೆ. ಅದು ತೆಳು ತಗಡನ್ನು ಮಡಿಸಿ ಮಾಡಿದ್ದಾದರೆ ಒಂದೇ ಬದಿಯ ಎಳೆತಕ್ಕೆ ತಿರುಚಿಕೊಳ್ಳುತ್ತದೆ. ಅಂಥ ಕಡೆ ಎರಡು ಪರ್ಲಿನ್‌ಗಳಿಗೆ ಭಾರ ಹಂಚುವ ಉದ್ದನೆಯ ಪಟ್ಟಿ ಹಾಕಬೇಕು, ಇಲ್ಲವೇ ಪರ್ಲಿನ್ ಟ್ರಸ್ಸಿನ ಮೇಲೆ ಕೂತ ಜಾಗವನ್ನೇ ಆರಿಸಬೇಕು. ಎರಡನೆಯದೇ ಮೇಲು. ದನದ ಕೊಟ್ಟಿಗೆ, ಕೋಳಿ ಮನೆಗಳಲ್ಲಿ ಗಂಜಲ ಮತ್ತು ಹಿಕ್ಕೆಯ ಆವಿಯಿಂದ ಕಬ್ಬಿಣ ಒಳಗಿನಿಂದ ತಿಂದುಹೋಗಿರುತ್ತದೆ. ಕೆಳಗಿನಿಂದ ನೋಡದೆ ಮೇಲಿನಿಂದ ಕೊರೆಯಬಾರದು. ಅಡಿಕೆ ದಬ್ಬೆ ಅಥವಾ ಬಿದಿರಿನ ಚೌಕಟ್ಟಿಗೆ ಕೊಂಡಿ ಹಾಕುವ ಮಾತೇ ಇಲ್ಲ.

ಪರೀಕ್ಷಿಸಿದ ಬಲವನ್ನು ಮೈಮೇಲೆ ನಮೂದಿಸಿದ ಕೊಂಡಿಯನ್ನೇ ಕೊಳ್ಳುವುದು ಕ್ಷೇಮ. ಊರಿನ ವೆಲ್ಡಿಂಗ್ ಅಂಗಡಿಯ ಬಳೆ ನೋಡಲು ದಪ್ಪವಿದ್ದರೂ ಬೆಸುಗೆಯ ಒಳಗೇನಿದೆಯೆಂದು ಕಣ್ಣಿಗೆ ತಿಳಿಯದು. ಬೋಲ್ಟು ತಗಡಿನ ಏಣಿನ ಮೇಲೆ ಹಾಯಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಮೇಲೆ ರಬ್ಬರ್ ವಾಷರ್ ಮತ್ತು ಸೀಲು ಮಾಡುವ ಅಂಟು, ಕೆಳಗೆ ಅಗಲವಾದ ಪಟ್ಟಿ ಹಾಗೂ ಸಡಿಲವಾಗದ ನಟ್ಟು ಇರತಕ್ಕದ್ದು. ಬೋಲ್ಟಿನ ಅಳತೆ, ಸಂಖ್ಯೆಗಳು ತಯಾರಕರು ಹೇಳಿದಂತೆಯೇ ಇರಲಿ, ಮತ್ತು ಚೌಕಟ್ಟನ್ನು ಒಬ್ಬ ಇಂಜಿನಿಯರಿಗೆ ತೋರಿಸಿರಲಿ. ಕೊರೆದ ಕಬ್ಬಿಣದ ಪುಡಿಯನ್ನು ಅಂದೇ ಗುಡಿಸದಿದ್ದರೆ ಅದು ತುಕ್ಕು ಹಿಡಿದು ತಗಡನ್ನೂ ಕೆಡಿಸುತ್ತದೆ.

ಕೊಂಡಿ ಹಾಕಲು ಹತ್ತುವವನಿಗೇ ಕೊಂಡಿ ಇರುವುದಿಲ್ಲವೆಂಬುದು ಇಲ್ಲಿಯ ತೊಡಕು. ಹೊಸ ಶೆಡ್ಡು ಕಟ್ಟುವಾಗ ಅಥವಾ ತಗಡು ಬದಲಿಸುವಾಗ ಒಳಗಿನ ಅಟ್ಟಣಿಗೆಯ ಮೇಲೆ ನಿಂತೇ ಇದನ್ನು ಮುಗಿಸುವುದು ಎಲ್ಲಕ್ಕಿಂತ ಸುಲಭ. ಹಳೆಯ ಶೆಡ್ಡಿಗಾದರೆ ಹಗ್ಗವನ್ನು ನೆತ್ತಿಯ ಮೇಲಿನಿಂದ ದಾಟಿಸಿ ಆಚೆ ಬದಿಯ ದಪ್ಪ ಮರದ ಬುಡಕ್ಕೆ ಕಟ್ಟಿ, ತಗಡಿನ ಅಂಚು ತಾಗುವಲ್ಲಿ ಗೋಣಿಚೀಲ ಸುತ್ತಬೇಕು. ಟ್ರ್ಯಾಕ್ಟರಿಗೆ ಕಟ್ಟುವ ಅಭ್ಯಾಸ ಒಳ್ಳೆಯದಲ್ಲ. ತಿಳಿಯದವರು ಯಾರಾದರೂ ಅದನ್ನು ಚಾಲೂ ಮಾಡಿದರೆ ಗತಿಯೇನು?

ಹಗ್ಗದ ಉದ್ದ

ಕೊಂಡಿ ಎಷ್ಟೇ ಭದ್ರವಿರಲಿ, ಹಗ್ಗ ಉದ್ದವಾದರೆ ಫಲವಿಲ್ಲ. ಆರು ಅಡಿ ಹಗ್ಗ, ಆಘಾತ ಪಟ್ಟಿ ಬಿಚ್ಚಿಕೊಳ್ಳಲು ಮೂರೂವರೆ ಅಡಿ, ಬೆನ್ನಿನ ಬಳೆಯಿಂದ ಪಾದದವರೆಗೆ ಐದು ಅಡಿ, ಅಂತರಕ್ಕೆ ಮೂರು ಅಡಿ: ಕೂಡಿದರೆ ಹದಿನೇಳೂವರೆ ಅಡಿ. ಕೊಂಡಿ ಸೂರಿನ ಹತ್ತಿರವೇ ಇದ್ದರೂ ಕೆಳಗೆ ಇಷ್ಟು ಬಯಲು ಬೇಕು. ನಮ್ಮ ಕೊಟ್ಟಿಗೆಗಳ ಸೂರು ಹತ್ತು ಹನ್ನೆರಡು ಅಡಿಯದು. ಹಗ್ಗ ಬಿಗಿಯುವ ಮೊದಲೇ ಆಳು ನೆಲಕ್ಕೆ ಬಿದ್ದಿರುತ್ತಾನೆ! ಆದಕಾರಣ ತಗ್ಗು ಶೆಡ್ಡುಗಳಲ್ಲಿ ಬಿದ್ದವನನ್ನು ಹಿಡಿಯುವ ಯೋಚನೆ ಬಿಟ್ಟು, ಅಂಚಿನಾಚೆ ಹೋಗಲಾರದಷ್ಟು ಗಿಡ್ಡ ಹಗ್ಗ ಕೊಡಬೇಕು.

ಉದಾಹರಣೆಗೆ 60 ಅಡಿ ಉದ್ದದ ಶೆಡ್ಡಿನಲ್ಲಿ ನೆತ್ತಿಯ ಪಕ್ಕದ ಕೊಂಡಿಯಿಂದ ಸೂರಿಗೆ 15 ಅಡಿ ಇದೆಯೆನ್ನೋಣ. ಕೊಂಡಿಯಿಂದ ಬೆನ್ನಿನ ಬಳೆಯವರೆಗೆ, ಕೊಕ್ಕೆಗಳೂ ಸೇರಿ, ಹಗ್ಗ 12 ಅಡಿ ಮೀರಬಾರದು. ಆಗ ಆಳು ಜಾರಿ ಮಲಗಿದರೂ ಕಾಲು ಹೊರಗೆ ಚಾಚೀತು, ಸೊಂಟ ಸೂರಿನ ಒಳಗೇ ಉಳಿಯುತ್ತದೆ. ಪಕ್ಕದ ಅಂಚಿಗೂ ಇದೇ ಲೆಕ್ಕ. ಅಲ್ಲಿಂದ 15, 30, 45 ಅಡಿಗಳಲ್ಲಿ ಮೂರು ಕೊಂಡಿಗಳು ಸಾಕು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎರಡನೆಯ ಹಗ್ಗ ಸಿಕ್ಕಿಸಿದ ಮೇಲೆಯೇ ಮೊದಲನೆಯದನ್ನು ಬಿಚ್ಚಬೇಕು. ಎರಡು ಕೊಂಡಿಗಳ ನಡುವೆ ಸೂರಿನ ಕಡೆ ಐದಾರು ಅಡಿ, ಮತ್ತು ನಾಲ್ಕು ಮೂಲೆಗಳು ಕೈಗೆಟುಕದೆ ಉಳಿಯುತ್ತವೆ. ಅವುಗಳಿಗಾಗಿ ಹಗ್ಗ ಸಡಿಲಿಸುವುದು ಸಲ್ಲದು. ಭದ್ರವಾಗಿ ಕಟ್ಟಿದ ಏಣಿ ಅಥವಾ ಅಟ್ಟಣಿಗೆಯಿಂದಲೇ ಆ ಕೆಲಸ ಮಾಡತಕ್ಕದ್ದು.

ಅಂಚಿಗಿಂತ ಮೋಸದ ಜಾಗವೊಂದಿದೆ. ಬೆಳಕಿಗಾಗಿ ನಡುವೆ ಹಾಕಿದ ಪ್ಲಾಸ್ಟಿಕ್ ಹಾಳೆ ಮತ್ತು ಸಿಮೆಂಟ್ ಶೀಟು ಆಳಿನ ಭಾರ ತಾಳವು. ಹಳೆಯದಾದ ಮೇಲೆ ಧೂಳು, ಪಾಚಿ ಹಿಡಿದು ಅವು ತಗಡಿನಂತೆಯೇ ಕಾಣುತ್ತವೆ. ಗಿಡ್ಡ ಹಗ್ಗ ಅಂಚನ್ನು ಕಾಯುತ್ತದೆ, ಈ ತೂತನ್ನು ಕಾಯುವುದಿಲ್ಲ. ಇವನ್ನು ಮೊದಲೇ ಗುರುತಿಸಿ, ಮೇಲೆ ಹಲಗೆ ಹಾಸಿ ಕಟ್ಟಬೇಕು. ತಗಡಿನ ಮೇಲಾದರೂ ಸ್ಕ್ರೂ ಸಾಲಿನ ಮೇಲೆಯೇ ಹೆಜ್ಜೆ ಇಡಬೇಕು. ಬೆಳಗಿನ ಇಬ್ಬನಿ ಆರುವವರೆಗೆ ಹತ್ತಕೂಡದು.

ಸುರಕ್ಷಾ ಪಟ್ಟಿ, ಹಗ್ಗಗಳನ್ನು ಮೈಲುತುತ್ತು, ಗೊಬ್ಬರ, ಬ್ಯಾಟರಿಗಳ ಜೊತೆ ಇಡದೆ ಇಲಿ, ಬಿಸಿಲು ತಾಗದ ಕಡೆ ತೂಗುಹಾಕಬೇಕು. ಒಮ್ಮೆ ಬಿದ್ದವನನ್ನು ತಡೆದ ಹಗ್ಗವನ್ನು ಮತ್ತೆ ಬಳಸಬಾರದು. ದನ ಕಟ್ಟಲೂ ಇಟ್ಟುಕೊಳ್ಳದೆ ಕತ್ತರಿಸಿ ಹಾಕುವುದೇ ಸರಿ, ಏಕೆಂದರೆ ಮುಂದಿನ ವರ್ಷ ಅದೇ ಕೈಗೆ ಸಿಗುತ್ತದೆ. ಕೆಲಸ ಮುಗಿಯುವವರೆಗೆ ಇನ್ನೊಬ್ಬರು ಏಣಿಯ ಬಳಿಯೇ ಇರಬೇಕು. ಪಟ್ಟಿಯಲ್ಲಿ ನೇತಾಡುವವನ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದಾದ್ದರಿಂದ ಅವನನ್ನು ಕೂಡಲೇ ಕೆಳಗಿಳಿಸಬೇಕಾಗುತ್ತದೆ.