ಶಿಲ್ಪವನ್ನೇಕೆ ಮುಟ್ಟಬಾರದು?

ಶಿವಮೊಗ್ಗೆಯಲ್ಲಿ ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಕಟ್ಟಡವು ಇಂದು ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿರುವ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ, ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ, ಶಿವಲಿಂಗದ ಸನ್ನಿಧಿ. ಹೀಗೆ ಓದುತ್ತಿರುವಾಗ ಕೆತ್ತನೆಯನ್ನು ಬೆರಳಿನಿಂದ ಸವರುವ ಆಸೆ ಹುಟ್ಟುವುದು ಸಹಜ. ಆದರೆ ಮುಟ್ಟಬಾರದೆಂಬುದು ನಿಯಮ. ಅದರ ಕಾರಣವು ಭೌತವಿಜ್ಞಾನದಲ್ಲಿದೆ.

ಒಂದು ವಸ್ತುವು ಮತ್ತೊಂದನ್ನು ಗೀರಬಲ್ಲುದಾದರೆ ಮೊದಲನೆಯದು ಹೆಚ್ಚು ಗಡಸೆಂದು ತಿಳಿಯಬೇಕು. ಈ ತತ್ತ್ವದ ಮೇಲೆ ಜರ್ಮನಿಯ ಖನಿಜವಿಜ್ಞಾನಿ ಫ್ರೀಡ್ರಿಕ್ ಮೋಹ್ಸ್ 1812ರಲ್ಲಿ 1ರಿಂದ 10ರವರೆಗಿನ ಶ್ರೇಣಿಯೊಂದನ್ನು ರಚಿಸಿದನು. ಅದರಲ್ಲಿ ಟಾಲ್ಕ್ ಎಂಬ ಖನಿಜದ ಸ್ಥಾನ 1, ವಜ್ರದ್ದು 10. ನಮ್ಮ ಉಗುರು ಸುಮಾರು 2.5, ಮರಳಿನಲ್ಲಿ ಹೇರಳವಾಗಿರುವ ಕ್ವಾರ್ಟ್ಸ್ 7.

ಈ ಅಂಕಿಗಳ ಅರ್ಥವನ್ನು ನೆರೆಯ ಭದ್ರಾವತಿಯಲ್ಲಿ ಕಾಣಬಹುದು. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವು 13ನೆಯ ಶತಮಾನದ ಹೊಯ್ಸಳ ಕೃತಿ. ಹೊಯ್ಸಳ ಶಿಲ್ಪಿಗಳು ಮೆಚ್ಚಿದ ಬಳಪದ ಕಲ್ಲಿನಲ್ಲಿ ಟಾಲ್ಕ್ ಅಧಿಕ. ಆದುದರಿಂದಲೇ ಅದು ಉಳಿಗೆ ಸುಲಭವಾಗಿ ಮಣಿದು ನವಿರಾದ ಕೆತ್ತನೆಗೆ ಒದಗಿತು. ಆದರೆ ಶಿಲ್ಪಿಗೆ ವರವಾದ ಮೃದುತ್ವವೇ ಶಿಲ್ಪಕ್ಕೆ ಅಪಾಯ. ಬೆರಳಿಗಂಟಿದ ಧೂಳಿನಲ್ಲಿ ಕ್ವಾರ್ಟ್ಸ್ ಕಣಗಳಿರಬಹುದು. ಒಬ್ಬರ ಸ್ಪರ್ಶದಿಂದ ಕಾಣುವಷ್ಟು ಹಾನಿಯಾಗದು. ಸಾವಿರಾರು ಜನರು ಸವರಿದರೆ ಅಕ್ಷರಗಳೇ ಸವೆದುಹೋಗುತ್ತವೆ.

ಹಾಗೆ ಸವೆದ ಅಕ್ಷರಗಳೊಂದಿಗೆ ವೀರನ ಹೆಸರೋ ಅವನ ಊರಿನ ಹೆಸರೋ ಶಾಶ್ವತವಾಗಿ ಅಳಿಯಬಹುದು. ಹೊಲದಲ್ಲಾಗಲಿ ಕೆರೆಯ ದಂಡೆಯಲ್ಲಾಗಲಿ ಇಂತಹ ಕಲ್ಲು ಕಂಡರೆ ಉಜ್ಜಬೇಡಿರಿ, ಕದಲಿಸಬೇಡಿರಿ. ಅದಿರುವ ಸ್ಥಳವನ್ನು ಬರೆದುಕೊಂಡು ವಸ್ತುಸಂಗ್ರಹಾಲಯಕ್ಕೆ ತಿಳಿಸಿರಿ.