ಕದ್ದ, ಕದ್ದನಂತೆ, ಕದ್ದನೆಂದು ಹೇಳಿದರು: ರಿಪೋರ್ಟೆಡ್ ಸ್ಪೀಚ್ ಪಾಠದ ಒಂದು ಅಧ್ಯಯನ

ಪೀಠಿಕೆ

ರಿಪೋರ್ಟೆಡ್ ಸ್ಪೀಚನ್ನು ನಾವು ಸಾಮಾನ್ಯವಾಗಿ ಕೋಷ್ಟಕದ ಮೂಲಕ ಕಲಿಸುತ್ತೇವೆ: ‘ಈಸ್’ ಇದ್ದರೆ ‘ವಾಸ್’, ‘ವಿಲ್’ ಇದ್ದರೆ ‘ವುಡ್’. ಮಕ್ಕಳು ಬಾಯಿಪಾಠ ಮಾಡುತ್ತಾರೆ. ಯಾಕೆ ಬದಲಿಸಬೇಕು ಎಂಬುದು ತಿಳಿಯುವುದಿಲ್ಲ. ಅಭ್ಯಾಸ ಬೋಧನೆಗಾಗಿ ಕುಮಾರಸ್ವಾಮಿ ಲೇಔಟ್‌ನ ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಯಲ್ಲಿ ಈ ಪಾಠವನ್ನು ಅಪರಾಧ ಮತ್ತು ಶಿಕ್ಷೆಯ ಪದಗಳೊಂದಿಗೆ ಜೋಡಿಸಿದೆ. ಯಾರು ಏನು ಹೇಳಿದರು ಎಂಬುದಕ್ಕೆ ಹೆಚ್ಚು ಬೆಲೆ ಬರುವುದು ಕಳವಿನ ದೂರಿನಲ್ಲಿ.

ಕನ್ನಡ ಮತ್ತು ಇಂಗ್ಲಿಷ್: ಹೋಲಿಕೆ

“ನಾನು ಸೈಕಲ್ ತಗೊಂಡೆ ಅಂತ ರವಿ ಹೇಳಿದ” ಎಂದರೆ ತೆಗೆದುಕೊಂಡವನು ರವಿ. ‘ಅಂತ’ ಮೂಲ ಮಾತನ್ನು ಹಾಗೆಯೇ ಉಳಿಸುತ್ತದೆ. ಇದನ್ನೇ ಪದಕ್ಕೆ ಪದ ಇಟ್ಟು ‘ರವಿ ಸೆಡ್ ದಟ್ ಐ ಟುಕ್ ದ ಬೈಸಿಕಲ್’ ಎಂದು ಬರೆದರೆ ಕಳ್ಳನೇ ಬದಲಾಗುತ್ತಾನೆ. ‘ಐ’ ಎಂದರೆ ಈಗ ವರದಿ ಮಾಡುತ್ತಿರುವವನು! ಇದನ್ನು ಹಲಗೆಯ ಮೇಲೆ ನೋಡಿ ತರಗತಿ ನಕ್ಕಿತು. ಸರ್ವನಾಮದ ನಿಯಮವೂ ಮನಸ್ಸಿಗೆ ಹತ್ತಿತು.

ಕಾಲದ ಬದಲಾವಣೆಗೂ ಕಾರಣವಿದೆ. ವಾಚ್‌ಮನ್ ‘ದ ಗೇಟ್ ಈಸ್ ಲಾಕ್ಡ್’ ಅಂದದ್ದು ನಿನ್ನೆ. ಇಂದು ಗೇಟು ಹೇಗಿದೆಯೋ ವರದಿಗಾರನಿಗೆ ಗೊತ್ತಿಲ್ಲ. ಆದ್ದರಿಂದ ‘ವಾಸ್’.

ಕನ್ನಡವೇ ಹೆಚ್ಚು ಸ್ಪಷ್ಟವಾಗಿರುವ ಕಡೆಯೂ ಇದೆ. ‘ತಾನು ತೆಗೆದುಕೊಂಡಿದ್ದಾಗಿ ರವಿ ಕಿರಣನಿಗೆ ಹೇಳಿದ’ ಎಂದರೆ ತಪ್ಪೊಪ್ಪಿಗೆ. ‘ಅವನು ತೆಗೆದುಕೊಂಡಿದ್ದಾಗಿ’ ಎಂದರೆ ಇನ್ನೊಬ್ಬನ ಮೇಲಿನ ದೂರು. ಇಂಗ್ಲಿಷಿನ ‘ಹಿ’ ಎರಡಕ್ಕೂ ಒಂದೇ. ಅದಕ್ಕಾಗಿ ‘ಸೆಡ್’ ಬಿಟ್ಟು ‘ಅಡ್ಮಿಟೆಡ್’, ‘ಡಿನೈಡ್’, ‘ಅಕ್ಯೂಸ್ಡ್’ ಎಂಬ ಕ್ರಿಯಾಪದಗಳು ಬೇಕಾಗುತ್ತವೆ. ಹಾಗೆಯೇ ‘ಕದ್ದನಂತೆ’ ಎಂಬಲ್ಲಿ ‘ನಾನು ಕಂಡಿಲ್ಲ’ ಎಂಬುದು ‘ಅಂತೆ’ಯೊಂದರಲ್ಲೇ ಅಡಗಿದೆ. ಇಂಗ್ಲಿಷಿನಲ್ಲಿ ‘ಅಲೆಜೆಡ್ಲಿ’ ಅಥವಾ ‘ಅಕಾರ್ಡಿಂಗ್ ಟು ದ ವಾಚ್‌ಮನ್’ ಎಂದು ಬಿಡಿಸಿ ಹೇಳಬೇಕು.

ಪದಸಂಪತ್ತು

2024ರ ಜುಲೈ 1ರಿಂದ 1860ರ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದನ್ನು ಅನುಸರಿಸಿ ಪದಗಳನ್ನು ಮೂರು ಗುಂಪು ಮಾಡಿದೆ.

1. ಕೃತ್ಯ: ಥೆಫ್ಟ್ (ಕಳವು), ಸ್ನ್ಯಾಚಿಂಗ್ (ಸರಗಳ್ಳತನದಂಥದ್ದು), ರಾಬರಿ (ಸುಲಿಗೆ), ಡಕಾಯಿಟಿ (ಐದು ಅಥವಾ ಹೆಚ್ಚು ಜನರ ದರೋಡೆ).
2. ವ್ಯಕ್ತಿ: ಸಸ್ಪೆಕ್ಟ್ (ಶಂಕಿತ), ಅಕ್ಯೂಸ್ಡ್ (ಆರೋಪಿ), ಕನ್ವಿಕ್ಟ್ (ಅಪರಾಧಿ).
3. ಶಿಕ್ಷೆ: ಫೈನ್ (ದಂಡ), ಇಂಪ್ರಿಸನ್‌ಮೆಂಟ್ (ಸಜೆ), ಕಮ್ಯುನಿಟಿ ಸರ್ವಿಸ್ (ಸಮುದಾಯ ಸೇವೆ).

ಸಮುದಾಯ ಸೇವೆ ಮಕ್ಕಳಿಗೆ ಹೊಸದು. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ಶಿಕ್ಷೆಗೊಳಗಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಈ ಶಿಕ್ಷೆ.

ತರಗತಿ ಚಟುವಟಿಕೆ

ಕಾಣೆಯಾದ ಸೈಕಲ್ಲಿನ ಕಥೆಯಲ್ಲಿ ಮಾಲೀಕ, ವಾಚ್‌ಮನ್, ಶಂಕಿತ, ಪೊಲೀಸ್, ವರದಿಗಾರ ಎಂಬ ಐದು ಪಾತ್ರಗಳು. ಪ್ರತಿಯೊಬ್ಬರೂ ಚೀಟಿಯಲ್ಲಿರುವ ಒಂದು ವಾಕ್ಯ ಓದುತ್ತಾರೆ. ವರದಿಗಾರ ಅದನ್ನು ತಕ್ಕ ಕ್ರಿಯಾಪದದೊಂದಿಗೆ ಹೇಳುತ್ತಾನೆ. ಉಳಿದವರು ‘ಕಂಡದ್ದು’, ‘ಕೇಳಿದ್ದು’ ಎಂಬ ಎರಡು ಅಂಕಣಗಳಲ್ಲಿ ಬರೆದುಕೊಳ್ಳುತ್ತಾರೆ. ವಿಜ್ಞಾನದಲ್ಲಿ ವೀಕ್ಷಣೆಯನ್ನೂ ತೀರ್ಮಾನವನ್ನೂ ಬೇರೆಬೇರೆ ಬರೆಯುವ ಅಭ್ಯಾಸವೇ ಇಲ್ಲಿಯೂ ನೆರವಾಯಿತು.

ಎಚ್ಚರಿಕೆ: ಪಾತ್ರಗಳಿಗೆ ತರಗತಿಯ ಮಕ್ಕಳ ಹೆಸರು ಬೇಡ. ಮನೆಕೆಲಸ, ಸೆಕ್ಯೂರಿಟಿ ಕೆಲಸ ಮಾಡುವವರ ಮಕ್ಕಳೂ ಅಲ್ಲಿರುತ್ತಾರೆ. ಏನಾದರೂ ಕಳೆದಾಗ ಮೊದಲು ಯಾರ ಮೇಲೆ ಅನುಮಾನ ಬೀಳುತ್ತದೆಂಬುದು ಅವರಿಗೆ ಗೊತ್ತು.

ಮೌಲ್ಯಮಾಪನ

ಐದು ವಾಕ್ಯಗಳ ಪತ್ರಿಕಾ ವರದಿ ಬರೆಸಿ, ಸರ್ವನಾಮ, ಕಾಲ ಮತ್ತು ಕ್ರಿಯಾಪದದ ಆಯ್ಕೆಗೆ ಅಂಕ ನೀಡಬಹುದು. ‘ಅಡ್ಮಿಟೆಡ್’ ಬಳಸಿದವರಿಗೆ “ಯಾರ ಮುಂದೆ?” ಎಂದು ಕೇಳಬೇಕು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ.

ತೀರ್ಮಾನ

ಪರೀಕ್ಷೆಯಲ್ಲಿ ಸರ್ವನಾಮ ತಪ್ಪಿದರೆ ಒಂದು ಅಂಕ ಹೋಗುತ್ತದೆ. ಹೊರಗೆ ‘ಅಂತೆ’ ಬಿಟ್ಟುಹೋದರೆ ಒಬ್ಬರ ಹೆಸರೇ ಹೋಗುತ್ತದೆ. ಇದು ಮನದಟ್ಟಾದ ಮಕ್ಕಳಿಗೆ ಕೋಷ್ಟಕ ಹೊರೆಯಾಗುವುದಿಲ್ಲ. ಸಹಪಾಠಿ ಶಿಕ್ಷಕರು ಈ ಪಾಠವನ್ನು ಪ್ರಯತ್ನಿಸಬಹುದು. ಎರಡು ಪೀರಿಯಡ್‌ಗಳು ಬೇಕಾಗುತ್ತವೆ.